ಹಳದಿ ಬಳಿದ ನವೆಂಬರ್

ಕಾರ್ಖಾನೆಯ ಮೂವತ್ತು ಜನ ಕಾರ್ಮಿಕರನ್ನು ಹಡಗಿನಲ್ಲಿ ಅಂಡಮಾನಿಗೆ ಕರೆದೊಯ್ಯಬೇಕು, ಅದಕ್ಕೆ ಯಾವ ತಿಂಗಳು ಒಳ್ಳೆಯದೆಂದು ವಿಚಾರಿಸಿ ವರದಿ ಕೊಡಿ ಎಂಬ ಚೀಟಿ ನನ್ನ ಮೇಜಿಗೆ ಬಂತು. ಅಲ್ಲಿಯವರೆಗೆ ನಾನು ಸಮುದ್ರ ನೋಡಿದ್ದು ಒಂದೇ ಸಲ. ಅದೂ ಮದ್ರಾಸಿನ ಮರೀನಾದಲ್ಲಿ, ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತು.

ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದಲ್ಲಿ ನಮ್ಮದು ವಿದ್ಯುತ್ ಮೋಟರು ತಯಾರಿಸುವ ಕಾರ್ಖಾನೆ. ನಾನು ಸಿಬ್ಬಂದಿ ವಿಭಾಗದಲ್ಲಿ ಸಹಾಯಕ. ಹಾಜರಿ, ರಜೆ, ಕ್ಯಾಂಟೀನಿನ ದೂರು ಇವೆಲ್ಲ ನನ್ನ ಪಾಲಿನವು. ಆ ವರ್ಷ ಉತ್ಪಾದನೆ ಗುರಿ ದಾಟಿದ್ದಕ್ಕೆ ಯಜಮಾನರು ಖುಷಿಯಾಗಿ, ಸೇವೆಯಲ್ಲಿ ಹಿರಿಯರಾದವರಿಗೆ ದ್ವೀಪ ತೋರಿಸಿಕೊಂಡು ಬರೋಣ ಎಂದಿದ್ದರು. ಅವರು ಹಿಂದೊಮ್ಮೆ ಹೋಗಿಬಂದಿದ್ದರಂತೆ. ಆ ನೀಲಿ ನೀರನ್ನು ಮರೆಯಲಾರೆ ಎಂದು ಭಾಷಣದಲ್ಲಿ ಹೇಳಿದರು.

ನಾನು ಕೆಲಸವನ್ನು ಶ್ರದ್ಧೆಯಿಂದಲೇ ಶುರುಮಾಡಿದೆ. ಅದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ತಿಳಿಯದೆ ತಪ್ಪು ಮಾಡಿದೆ ಎಂದು ಹೇಳಿಕೊಳ್ಳುವ ದಾರಿ ನನಗೆ ಉಳಿದಿಲ್ಲ. ಎರಡು ಭಾನುವಾರ ನಗರದ ಗ್ರಂಥಾಲಯದಲ್ಲಿ ಕುಳಿತು ಭೂಗೋಳದ ಪುಸ್ತಕಗಳಿಂದ ಮಳೆ ಗಾಳಿಯ ವಿಷಯ ಬರೆದುಕೊಂಡೆ. ಹಡಗು ಹೊರಡುವ ದಿನಗಳ ಪಟ್ಟಿ ಕೇಳಿ ಮದ್ರಾಸಿನ ಟಿಕೆಟ್ ಕಚೇರಿಗೆ ಕಾಗದ ಬರೆದೆ. ಉತ್ತರ ಬಾರದೆ ಹೋದಾಗ ನಾನೇ ರೈಲು ಹತ್ತಿ ಹೋದೆ.

ಟಿಕೆಟ್ ಕಚೇರಿಯ ಗುಮಾಸ್ತರು ಹೊಸೂರಿನ ಕಡೆಯವರು. ಕನ್ನಡ ಬರುತ್ತಿತ್ತು. ನಾನು ಪೀಣ್ಯದಿಂದ ಬಂದಿದ್ದೇನೆ ಎಂದಾಗ ಕನ್ನಡಕ ಹಣೆಗೇರಿಸಿ, ಪಕ್ಕದ ಸ್ಟೂಲು ತೋರಿಸಿದರು.

"ನೋಡಿ ಸಾರ್, ಇದು ಪಿಕ್ನಿಕ್ ಹಡಗಲ್ಲ. ದ್ವೀಪದ ಜನ ಹೋಗಿಬರೋ ಹಡಗು. ತಿಂಗಳಿಗೆ ಎರಡೋ ಮೂರೋ ಸಲ ಹೊರಡತ್ತೆ. ಅಲ್ಲಿಗೆ ಮುಟ್ಟೋಕೆ ಮೂರು ದಿವಸ. ಅಲ್ಲಿ ನಾಲ್ಕು ದಿವಸ ನಿಲ್ಲತ್ತೆ, ಅದೇ ಹಡಗಲ್ಲಿ ವಾಪಸ್."

"ಯಾವ ತಿಂಗಳು ಒಳ್ಳೇದು?"

"ಪೊಂಗಲ್ ಆಗ್ಲಿ, ಆಮೇಲೆ ಬನ್ನಿ. ಜನವರಿ ಕೊನೆ, ಫೆಬ್ರವರಿ, ಮಾರ್ಚ್. ಸಮುದ್ರ ತಟ್ಟೆ ಥರ ಇರತ್ತೆ. ಮೇ ಮಧ್ಯದಿಂದ ಅಲ್ಲಿ ಮಳೆ ಹಿಡೀತು ಅಂದ್ರೆ ಸೆಪ್ಟೆಂಬರ್ ತನಕ ಬಿಡಲ್ಲ."

"ನವೆಂಬರ್?"

ಅವರು ನಕ್ಕರು. "ನವೆಂಬರ್ ಲಾಟರಿ ಸಾರ್. ಒಂದೊಂದ್ ವರ್ಷ ಏನೂ ಇಲ್ಲ, ಚೆನ್ನಾಗೇ ಇರತ್ತೆ. ಒಂದೊಂದ್ ವರ್ಷ ವಾಯುಭಾರ ಕುಸಿತ, ಪುಯಲ್ಲು, ಅದೇ ಚಂಡಮಾರುತ. ದೊಡ್ಡ ಹಡಗು ಕುಣ್ಕೊಂಡಾದ್ರೂ ಹೋಗತ್ತೆ. ಆದ್ರೆ ದ್ವೀಪಕ್ಕೂ ದ್ವೀಪಕ್ಕೂ ಮಧ್ಯೆ ಸಣ್ಣ ಹಡಗು ಓಡತ್ತಲ್ಲ, ಅದನ್ನ ನಿಲ್ಲಿಸಿಬಿಡ್ತಾರೆ. ಯಾವಾಗ ಬಿಡ್ತಾರೆ ಅಂತ ಮುರುಗನಿಗೂ ಗೊತ್ತಿರಲ್ಲ."

ವಾಪಸು ಬಂದು ಒಂದು ಗ್ರಾಫ್ ಹಾಳೆ ತೆಗೆದುಕೊಂಡು ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬ, ಅಡ್ಡಲಾಗಿ ಐದು ಸಾಲು ಎಳೆದೆ. ಮಳೆ, ಗಾಳಿ, ದೊಡ್ಡ ಹಡಗು, ಸಣ್ಣ ಹಡಗು, ಕೊನೆಯದು ನಮ್ಮ ಕಾರ್ಖಾನೆಯ ಕೆಲಸದ ಒತ್ತಡ. ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು, ನಡುವಿನದಕ್ಕೆ ಹಳದಿ ಪೆನ್ಸಿಲ್ಲು. ಬಣ್ಣ ತುಂಬಿ ಮುಗಿಸಿದಾಗ ತೊಡಕು ತಾನಾಗಿ ಕಂಡಿತು. ಸಮುದ್ರ ಹಸಿರಾಗಿದ್ದ ಫೆಬ್ರವರಿ, ಮಾರ್ಚಿಗೆ ಕೊನೆಯ ಸಾಲು ಕೆಂಪು. ಹಣಕಾಸು ವರ್ಷದ ಕೊನೆಯ ಸರಕು ಸಾಗಿಸುವ ಆ ದಿನಗಳಲ್ಲಿ ನಮ್ಮಲ್ಲಿ ಅರ್ಧ ದಿನದ ರಜೆಯೂ ಸಿಗುತ್ತಿರಲಿಲ್ಲ. ಕೊನೆಯ ಸಾಲು ಹಸಿರಾಗಿದ್ದದ್ದು ದೀಪಾವಳಿ ಕಳೆದ ನವೆಂಬರಿನಲ್ಲಿ. ಅಲ್ಲಿ ಗಾಳಿ ಕೆಂಪು, ಸಣ್ಣ ಹಡಗು ಕೆಂಪು.

ವರ್ಕ್ಸ್ ಮ್ಯಾನೇಜರ್ ಹಾಳೆಯನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ತುದಿಯಿಂದ ನವೆಂಬರನ್ನು ಕುಟ್ಟಿದರು.

"ಇದ್ಯಾಕ್ರೀ ಕೆಂಪು?"

"ಚಂಡಮಾರುತದ ಕಾಲ ಸಾರ್."

"ಪ್ರತಿ ವರ್ಷ ಬರತ್ತಾ?"

"ಹಾಗೆ ಹೇಳೋಕಾಗಲ್ಲ ಸಾರ್."

"ಹೇಳೋಕಾಗಲ್ಲ ಅಂದ್ಮೇಲೆ ಕೆಂಪು ಹೇಗಾಗತ್ತೆ? ಯಜಮಾನ್ರು ಚಾರ್ಟ್ ನೋಡ್ತಾರೆ. ಕೆಂಪು ಕಂಡ್ರೆ ಫೆಬ್ರವರಿ ಅಂತಾರೆ. ಫೆಬ್ರವರಿಲಿ ಮೂವತ್ತು ಜನ ಹೋದ್ರೆ ಮೋಟರ್ ಯಾರು ಮಾಡ್ತಾರೆ, ನೀವಾ?" ಎಂದು ಹೇಳಿ, ಸ್ವಲ್ಪ ತಗ್ಗಿದ ದನಿಯಲ್ಲಿ, "ಇನ್ನೊಂದ್ಸಲ ನೋಡಿ. ಆಫೀಸರ್ ಪೋಸ್ಟಿಗೆ ನಿಮ್ಮ ಹೆಸರು ಕಳ್ಸಿದೀನಿ, ಗೊತ್ತಲ್ಲ" ಎಂದರು.

ಸುಳ್ಳು ಬರೆ ಎಂದು ಅವರು ಹೇಳಲಿಲ್ಲ. ಇನ್ನೊಂದು ಸಲ ನೋಡಿ ಎಂದರು, ಅಷ್ಟೇ. ಮುಂದಿನದೆಲ್ಲ ನಾನೇ ಮಾಡಿದ್ದು.

ರಬ್ಬರಿನಿಂದ ಉಜ್ಜಿದೆ. ಕೆಂಪು ಪೆನ್ಸಿಲ್ಲು ಪೂರ್ತಿ ಹೋಗಲಿಲ್ಲ, ಕಾಗದ ಜುಂಗು ಜುಂಗಾಗಿ ಎದ್ದಿತು. ಹೊಸ ಹಾಳೆ ತೆಗೆದುಕೊಂಡು ಮತ್ತೆ ಎಳೆದೆ. ಈ ಸಲ ನವೆಂಬರಿನ ಗಾಳಿಗೆ ಹಳದಿ ಬಳಿದೆ. ಸಣ್ಣ ಹಡಗಿನ ಸಾಲನ್ನು ಹಾಕಲೇ ಇಲ್ಲ. ನಮ್ಮ ತಂಡ ಇರುವುದು ಪೋರ್ಟ್ ಬ್ಲೇರಿನಲ್ಲಿ, ಬೇರೆ ದ್ವೀಪಕ್ಕೆ ಹೋಗುವುದಿಲ್ಲ, ಮತ್ತೆ ಆ ಸಾಲು ಯಾಕೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಐದು ಸಾಲು ನಾಲ್ಕಾಯಿತು. ಯಜಮಾನರು ಮೆಚ್ಚಿ ಸಹಿ ಹಾಕಿದರು. ಚಾರ್ಟನ್ನು ಕ್ಯಾಂಟೀನಿನ ಫಲಕಕ್ಕೆ ಅಂಟಿಸಿದರು.

ಆ ಸಣ್ಣ ಹಡಗು ಬೇಕಾಗಿದ್ದವರು ನಮ್ಮಲ್ಲಿ ಒಬ್ಬರು ಇದ್ದರು.

ಮೂವತ್ತು ಜನರ ಪಟ್ಟಿಯಲ್ಲಿ ಮೊದಲ ಹೆಸರು ಒಬ್ಬ ಹಿರಿಯ ಟರ್ನರ್‌ದು. ಚಿಕ್ಕಬಾಣಾವರದ ಒಕ್ಕಲು ಮನೆತನ. ಎಲ್ಲರೂ ಅವರನ್ನು ಗೌಡ್ರು ಎಂದೇ ಕರೆಯುತ್ತಿದ್ದರು. ದಿನವೂ ಸೈಕಲ್ಲಿನಲ್ಲಿ ಬರುವವರು. ಲೇತ್ ಯಂತ್ರದಲ್ಲಿ ಮೋಟರಿನ ದಂಡವನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಕಡೆಯುತ್ತಿದ್ದರು. ಮೈಕ್ರೋಮೀಟರಿನ ಅಂಕಿ, ನಕ್ಷೆಯ ಅಳತೆ ಎಲ್ಲ ಓದುತ್ತಿದ್ದರು. ಅಕ್ಷರ ಮಾತ್ರ ಬರುತ್ತಿರಲಿಲ್ಲ. ಆದ್ದರಿಂದ ವರ್ಷಕ್ಕೆ ಒಂದೋ ಎರಡೋ ಸಲ ನನ್ನ ಮೇಜಿಗೆ ಬಂದು, ಅಂಗಿಯ ಒಳಜೇಬಿನಿಂದ ಒಂದು ಕಾಗದ ತೆಗೆದು ಓದಿಸುತ್ತಿದ್ದರು. ಅದು ಅವರ ಅಣ್ಣನದು. ಆ ಅಣ್ಣ ಪ್ರಾಯದಲ್ಲಿ ಮನೆಯಲ್ಲಿ ಜಗಳವಾಡಿ ಮದ್ರಾಸಿಗೆ ಹೋದವನು, ಒಬ್ಬ ಮರದ ಕಂಟ್ರಾಕ್ಟರನ ಹಿಂದೆ ಹಡಗು ಹತ್ತಿ ಅಂಡಮಾನ್ ಸೇರಿ, ಅಲ್ಲೇ ಮದುವೆಯಾಗಿ ನಿಂತುಬಿಟ್ಟಿದ್ದ. ಪೋರ್ಟ್ ಬ್ಲೇರಿನಿಂದ ದಕ್ಷಿಣಕ್ಕೆ, ಸಣ್ಣ ಹಡಗಿನಲ್ಲಿ ಒಂದು ಹಗಲಿನ ದಾರಿ, ಹಟ್ ಬೇ ಎಂಬ ಊರು. ಅಣ್ಣತಮ್ಮಂದಿರು ಮುಖ ನೋಡಿ ಇಪ್ಪತ್ತಾರು ವರ್ಷವಾಗಿತ್ತು.

ಚಾರ್ಟು ಅಂಟಿಸಿದ ದಿನ ಗೌಡ್ರು ಅದರ ಮುಂದೆ ತುಂಬ ಹೊತ್ತು ನಿಂತಿದ್ದರು. ನಾನು ಹಾದುಹೋಗುವಾಗ ಕರೆದರು.

"ಸಾ, ಈ ಬಣ್ಣ ಎಲ್ಲ ಏನು?"

"ಹಸಿರು ಒಳ್ಳೇ ಕಾಲ. ಕೆಂಪು ಕೆಟ್ಟದ್ದು. ಹಳದಿ ಪರವಾಗಿಲ್ಲ ಅಂತ."

"ನಮ್ಮಣ್ಣ ಇರೋ ಜಾಗಕ್ಕೆ ಇನ್ನೊಂದ್ ಸಣ್ಣ ಅಡಗು ಅತ್ಬೇಕಂತೆ. ನಾವು ಓಗೋ ತಿಂಗ್ಳು ಅದು ಓಡ್ತದಾ ಸಾ?"

ಕ್ಯಾಂಟೀನಿನಲ್ಲಿ ಜನ ಇದ್ದರು. ಗೊತ್ತಿಲ್ಲ ಎನ್ನಬಹುದಿತ್ತು. ಅನುಮಾನ ಎನ್ನಬಹುದಿತ್ತು. ಹಾಗಂದರೆ ಮುಂದಿನ ಪ್ರಶ್ನೆ ಬರುತ್ತದೆ, ಯಾರಾದರೂ ಮ್ಯಾನೇಜರನ್ನು ಕೇಳುತ್ತಾರೆ, ಹಾಳೆಯಲ್ಲಿ ಬಿಟ್ಟ ಸಾಲಿನ ಮಾತು ಏಳುತ್ತದೆ ಎಂದೆಲ್ಲ ಒಂದು ಕ್ಷಣದಲ್ಲಿ ತಲೆಯೊಳಗೆ ಓಡಿತು.

"ಓಡತ್ತೆ ಗೌಡ್ರೇ" ಎಂದೆ.

ಆ ಮಧ್ಯಾಹ್ನವೇ ಅವರು ಪತ್ರ ಬರೆಸಲು ಬಂದರು. ನಾನು ಬರೆದೆ. ಅವರು ಗೋಡೆ ನೋಡುತ್ತ ಹೇಳಿದ ಮಾತು ಇವತ್ತಿಗೂ ಹಾಗೆಯೇ ನೆನಪಿದೆ. "ಅಡಗು ನಾಕು ದಿನ ನಿಲ್ತದಂತೆ. ಮೊದ್ಲನೇ ದಿನವೇ ಸಣ್ಣ ಅಡಗು ಅತ್ಕೊಂಡ್ ಬತ್ತೀನಿ. ಜೆಟ್ಟಿತಾವ ಬಂದಿರು. ನನ್ ಗುರ್ತು ಸಿಕ್ನಿಲ್ಲ ಅಂದ್ರೆ, ಅಪ್ಪನ್ ತರ ಕಾಣೋನು ಯಾವನಾನ ಇಳಿದ್ನಾ ನೋಡು. ಅವ್ನೇ ನಾನು."

ಪತ್ರವನ್ನು ಅಂಚೆಗೆ ಹಾಕಿದವನೂ ನಾನೇ.

ನವೆಂಬರಿನಲ್ಲಿ ಮೂವತ್ತು ಜನರ ಉಸ್ತುವಾರಿ ಹೊತ್ತು ನಾನು ಮದ್ರಾಸಿಗೆ ಹೋಗಿ ಇಳಿದಾಗ ಮೋಡ ಕವಿದಿತ್ತು. ಬಂದರಿನಲ್ಲಿ ಗಾಳಿಗೆ ಅಂಗಿ ಮೈಗೆ ಅಂಟುತ್ತಿತ್ತು. ಹಡಗು ಒಂದು ದಿನ ತಡವೆಂದು ಫಲಕದಲ್ಲಿ ಬರೆದಿದ್ದರು. ನಾನು ಟಿಕೆಟ್ ಕಚೇರಿಗೆ ಹೋದೆ. ಗೌಡ್ರೂ ಜೊತೆಗೆ ಬಂದರು, ಬಗಲಲ್ಲಿ ಅಣ್ಣನಿಗೆಂದು ತಂದಿದ್ದ ರಾಗಿಹಿಟ್ಟಿನ ಗಂಟು. ಗುಮಾಸ್ತರು ನನ್ನ ಗುರುತು ಹಿಡಿದರು.

"ಅಯ್ಯೋ, ಈಗಲೇ ಬಂದ್ಬಿಟ್ರಾ? ಪೊಂಗಲ್ ಆದ್ಮೇಲೆ ಬನ್ನಿ ಅಂತ ಅಷ್ಟು ಹೇಳಿದ್ನಲ್ಲ ಸಾರ್! ಸಣ್ಣ ಹಡಗು ನಿಲ್ಲಿಸಿದಾರೆ ಅಂತ ಈಗಷ್ಟೇ ಅಲ್ಲಿಂದ ಸುದ್ದಿ ಬಂತು."

ನಾನು ಥಟ್ಟನೆ ಹಿಂತಿರುಗಿ ನೋಡಿದೆ. ಗೌಡ್ರು ಗೋಡೆಗೆ ನೇತುಹಾಕಿದ್ದ ಹಡಗಿನ ಚಿತ್ರ ನೋಡುತ್ತಿದ್ದರು. ಕಚೇರಿಯ ತುಂಬ ಗದ್ದಲ. ಕೇಳಿಸಿರಲಾರದು ಎಂದುಕೊಂಡೆ. ಕೇಳಿಸದಿರಲಿ ಎಂದುಕೊಂಡೆ ಎಂಬುದೇ ಸರಿ.

ಅಲ್ಲಿಂದ ಟ್ರಂಕ್ ಕಾಲ್ ಹಚ್ಚಿ ಮ್ಯಾನೇಜರಿಗೆ ಹೇಳಿದೆ. ವಾಪಸು ಬಂದುಬಿಡುತ್ತೇವೆ ಎನ್ನುವ ಧೈರ್ಯ ನನಗಿರಲಿಲ್ಲ. ಹವಾಮಾನ ಸ್ವಲ್ಪ ಹೀಗಿದೆ ಎಂದಷ್ಟೇ ಹೇಳಿದೆ. "ಹಡಗಿನವರೇ ಹೊರಡ್ತಾರೆ ಅಂದ್ರೆ ನಿಮಗ್ಯಾಕ್ರೀ ಭಯ? ಹೋಗ್ಬನ್ನಿ" ಎಂದರು. ಮರುದಿನ ಹೊರಟೆವು.

ನಮ್ಮ ಜಾಗ ಹಡಗಿನ ಕೆಳಗಿನ ಅಂತಸ್ತಿನಲ್ಲಿ. ಒಂದರ ಮೇಲೊಂದು ಕಬ್ಬಿಣದ ಮಂಚಗಳು, ಮುಚ್ಚಿದ ದುಂಡು ಕಿಟಕಿಗಳು, ಎಣ್ಣೆ ಮತ್ತು ಹಳೆಯ ಹಗ್ಗದ ವಾಸನೆ. ಬಂದರಿನ ಗೋಡೆ ದಾಟಿದ ಗಂಟೆಯೊಳಗೆ ನೆಲ ನಮ್ಮ ಕಾಲ ಕೆಳಗಿಂದ ಎದ್ದು ಎದ್ದು ಬೀಳತೊಡಗಿತು. ಇಪ್ಪತ್ತು ವರ್ಷ ಪ್ರೆಸ್ಸು, ಲೇತುಗಳ ಮುಂದೆ ನಿಂತ ಗಟ್ಟಿ ಆಳುಗಳು ಮಗುವಿನಂತೆ ಮಂಚದ ಕಂಬ ತಬ್ಬಿಕೊಂಡು ಮಲಗಿದರು. ಬಕೆಟ್ಟು ಸಾಲಲಿಲ್ಲ. ಒಬ್ಬರೂ ಊಟದ ಕೋಣೆಗೆ ಹೋಗಲಿಲ್ಲ. ಎರಡನೆಯ ದಿನ ನಮ್ಮ ಫಿಟ್ಟರ್ ಒಬ್ಬ, ಗಾಳಿಗಾದರೂ ಮೇಲೆ ಹೋಗುತ್ತೇನೆಂದು ಕಬ್ಬಿಣದ ಮೆಟ್ಟಿಲು ಹತ್ತುವಾಗ ಹಡಗು ವಾಲಿತು. ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಹಡಗಿನ ವೈದ್ಯರು ಎರಡು ಪಟ್ಟಿ ಇಟ್ಟು ಕಟ್ಟಿದರು. ಕಟ್ಟುವಾಗಲೂ ಹಡಗು ಹೊರಳುತ್ತಿತ್ತು, ವೈದ್ಯರೂ ಹೊರಳುತ್ತಿದ್ದರು.

ವಾಂತಿ ಆಗದೆ ಉಳಿದವರು ಗೌಡ್ರು ಒಬ್ಬರೇ. ನಿಂಬೆಹಣ್ಣು ಸೀಳಿ ಒಬ್ಬೊಬ್ಬರ ಮೂಗಿಗೂ ಹಿಡಿಯುತ್ತ, ಬಕೆಟ್ಟು ತೊಳೆದು ತರುತ್ತ ಆ ಕೆಳ ಅಂತಸ್ತಿನಲ್ಲೆಲ್ಲ ಓಡಾಡಿದರು. ನನ್ನ ಮಂಚದ ಬಳಿಗೂ ಬಂದು, ಹಣೆಗೆ ಅಂಗೈ ಕೊಟ್ಟು ಹಿಡಿದುಕೊಂಡರು.

"ಕಕ್ಬುಡಿ ಸಾ. ವೊಟ್ಟೇಲಿ ಇಟ್ಕಬ್ಯಾಡಿ."

ಮೂರು ದಿನದ ದಾರಿ ಐದು ದಿನವಾಯಿತು. ಪೋರ್ಟ್ ಬ್ಲೇರಿನಲ್ಲಿ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಯಜಮಾನರು ಹೇಳಿದ್ದ ನೀಲಿ ನೀರು ಎಲ್ಲಿಯೂ ಕಾಣಲಿಲ್ಲ. ತೊಳೆದ ಸಿಮೆಂಟಿನ ಬಣ್ಣದ ಸಮುದ್ರ. ತಡವಾಗಿ ತಲುಪಿದ್ದರಿಂದ ಹಡಗು ಅಲ್ಲಿ ನಿಲ್ಲುವುದು ನಾಲ್ಕು ದಿನವಲ್ಲ, ಎರಡೇ ದಿನ ಎಂದು ಇಳಿಯುವಾಗಲೇ ಹೇಳಿದರು. ಗೌಡ್ರು ಮತ್ತು ನನ್ನನ್ನು ಬಿಟ್ಟು ಉಳಿದವರು ಛತ್ರದಂಥ ಒಂದು ಕಟ್ಟಡದಲ್ಲಿ ಒದ್ದೆ ಬಟ್ಟೆ ಹರವಿಕೊಂಡು ಕುಳಿತರು. ಕೊಡೆ ಹಿಡಿದು ಹಳೆಯ ಜೈಲೊಂದನ್ನು ನೋಡಿಬಂದರು. ದ್ವೀಪ ನೋಡಿದ್ದು ಅಷ್ಟೇ.

ಗೌಡ್ರು ಸಣ್ಣ ಹಡಗಿನ ಕಟ್ಟೆಗೆ ಹೋದರು. ನಾನೂ ಹೋದೆ. ಟಿಕೆಟ್ ಕಿಟಕಿಯ ಮೇಲಿನ ಹಲಗೆಯಲ್ಲಿ ಊರುಗಳ ಹೆಸರು, ಎಲ್ಲದರ ಮುಂದೆ ಸೀಮೆಸುಣ್ಣದಲ್ಲಿ ಒಂದೇ ಪದ, ರದ್ದು. ಅವರಿಗೆ ಓದಲು ಬರುವುದಿಲ್ಲ. ಎಲ್ಲ ಸಾಲಿನಲ್ಲೂ ಒಂದೇ ಥರದ ಗೀಟು ಇರುವುದನ್ನು ನೋಡಿ ಅರ್ಥಮಾಡಿಕೊಂಡರು. ತಗಡಿನ ಚಾವಣಿಯ ಕೆಳಗೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಇಡೀ ದಿನ ಕುಳಿತರು. ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಕುಳಿತರು.

ಆ ದಿನ ಹನ್ನೊಂದರ ಹೊತ್ತಿಗೆ ಮಳೆ ನಿಂತಿತು. ಕಿಟಕಿಯವನು ಹೊರಗೆ ಬಂದು ಒಂದು ಸಾಲನ್ನು ಒರೆಸಿ ಬೇರೆ ಏನೋ ಬರೆದ. ಹಟ್ ಬೇ, ನಾಳೆ ಬೆಳಿಗ್ಗೆ. ನಮ್ಮ ಹಡಗು ಅಂದೇ ಮೂರು ಗಂಟೆಗೆ.

ನಾನು ಓದಿ ಹೇಳಿದೆ. ಗೌಡ್ರು ಎದ್ದು ನಿಂತರು. ಆ ಪ್ರಯಾಣದಲ್ಲಿ ಅವರು ನನ್ನನ್ನು ಏನಾದರೂ ಬೇಡಿದ್ದರೆ ಅದು ಆಗ ಮಾತ್ರ.

"ಸಾ, ನಾನು ಇಲ್ಲೇ ಉಳ್ಕೊಂಡ್ರೆ? ನಾಳಿಕೆ ಓಗಿ, ಮುಂದಿನ್ ಅಡಗಿಗೆ ಬಂದ್ಬುಡ್ತೀನಿ. ಎರಡು ವಾರ ತಾನೇ. ರಜ ಆಕೊಳ್ಳಿ."

ಮೂವತ್ತು ಜನರನ್ನು ಕರೆದೊಯ್ದು ಮೂವತ್ತು ಜನರನ್ನೂ ಕರೆತರುತ್ತೇನೆ ಎಂಬ ಕಾಗದಕ್ಕೆ ನಾನು ಸಹಿ ಹಾಕಿದ್ದೆ. ಒಬ್ಬರನ್ನು ಬಿಟ್ಟುಬಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಉತ್ತರ ಸಣ್ಣ ಹಡಗಿನಿಂದ ಶುರುವಾಗುತ್ತದೆ.

"ಆಗಲ್ಲ ಗೌಡ್ರೇ. ರೂಲ್ಸ್ ಇದೆ. ಎಲ್ಲರೂ ಒಟ್ಟಿಗೇ ಹೋಗ್ಬೇಕು."

ಅವರು ಗಂಟನ್ನು ಕಿಟಕಿಯವನ ಕೈಗೆ ಕೊಟ್ಟು, ಅಣ್ಣನ ಹೆಸರನ್ನು ಮೂರು ಸಲ ನಿಧಾನವಾಗಿ ಹೇಳಿದರು. ನಾನು ಚೀಟಿ ಬರೆದು ಗಂಟಿಗೆ ಕಟ್ಟಿದೆ. ಆಮೇಲೆ ಇಬ್ಬರೂ ದೊಡ್ಡ ಹಡಗಿನ ಕಡೆಗೆ ನಡೆದೆವು. ಹೋಗುವಾಗಿನ ಯಾತನೆ ಬರುವಾಗ ಇರಲಿಲ್ಲ, ಸಮುದ್ರ ತಣ್ಣಗಾಗುತ್ತ ಬಂದಿತ್ತು. ಅದು ನನಗೆ ಇನ್ನೂ ಕಷ್ಟವಾಯಿತು. ಗೌಡ್ರು ಮೇಲಿನ ಅಟ್ಟದಲ್ಲಿ, ಬೆನ್ನು ಮದ್ರಾಸಿನ ಕಡೆಗೆ ಮಾಡಿಕೊಂಡು ಕುಳಿತಿರುತ್ತಿದ್ದರು.

ಪ್ರವಾಸದ ವರದಿಯಲ್ಲಿ ನಾನು ಬರೆದದ್ದು: ಹವಾಮಾನದ ಸಣ್ಣ ವ್ಯತ್ಯಯದ ಹೊರತಾಗಿ ಕಾರ್ಯಕ್ರಮ ಯಶಸ್ವಿಯಾಗಿ ನಡೆಯಿತು. ಫಿಟ್ಟರನ ಮಣಿಕಟ್ಟನ್ನು ಆಕಸ್ಮಿಕ ಎಂದು ತುಂಬಿದೆ. ಡಿಸೆಂಬರಿನ ಕೊನೆಯಲ್ಲಿ ನನಗೆ ಆಫೀಸರ್ ಆದೇಶ ಬಂತು. ಕಷ್ಟದ ಪ್ರವಾಸವನ್ನು ಸಮರ್ಥವಾಗಿ ನಿಭಾಯಿಸಿದ್ದಕ್ಕೆ ಮೆಚ್ಚುಗೆ ಎಂದು ಅದರಲ್ಲೇ ಒಂದು ಸಾಲು. ಹೆಂಡತಿ ಕೇಸರಿಬಾತು ಮಾಡಿದಳು. ನಾನು ತಿಂದೆ.

ಸಂಕ್ರಾಂತಿಯ ಆಸುಪಾಸಿನಲ್ಲಿ ಗೌಡ್ರು ನನ್ನ ಹೊಸ ಕೋಣೆಯ ಬಾಗಿಲಲ್ಲಿ ನಿಂತರು. ಒಳಜೇಬಿನಿಂದ ಕಾಗದ ತೆಗೆದು ಕೊಟ್ಟರು. ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ.

ಅಣ್ಣನ ಅಕ್ಷರ ವರ್ಷದಿಂದ ವರ್ಷಕ್ಕೆ ಕೆಡುತ್ತ ಬಂದಿತ್ತು. ಒತ್ತಕ್ಷರಗಳೆಲ್ಲ ಬಿಟ್ಟುಹೋಗಿದ್ದವು. ನಾನು ಓದಿದೆ. ರಾಗಿಹಿಟ್ಟು ಬಂದು ಮುಟ್ಟಿತು. ಮುದ್ದೆ ತೊಳಸುವುದು ಮರೆತುಹೋಗಿದೆ, ಗಂಟುಗಂಟಾಯಿತು, ಆದರೂ ಎಲ್ಲರೂ ಉಂಡೆವು. ನೀನು ಬರುವೆನೆಂದ ದಿನದಿಂದ ಮೂರು ದಿನ ಮಳೆಯಲ್ಲಿ ಜೆಟ್ಟಿಗೆ ಬಂದು ನಿಂತಿದ್ದೆ. ಹಡಗು ಬರುವುದಿಲ್ಲ ಎಂದು ಗೊತ್ತಿತ್ತು, ಮನಸ್ಸು ಕೇಳಲಿಲ್ಲ, ಬಂದೆ.

ಮುಂದಿನ ಸಾಲು ಹೀಗಿತ್ತು: ಈ ತಿಂಗಳಲ್ಲಿ ಬಾ ಎಂದು ನಿನಗೆ ಹೇಳಿದವನು ಯಾವನು, ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು ಆಗ ಹಡಗು ಓಡುವುದಿಲ್ಲ ಎಂದು.

ನನ್ನ ಕಣ್ಣು ಆ ಸಾಲಿನ ಮೇಲೆ ನಿಂತಿತು. ನಾಲಿಗೆ ಅದನ್ನು ದಾಟಿ ಕೆಳಗಿನ ಸಾಲಿಗೆ ಹೋಯಿತು. ಅತ್ತಿಗೆ, ಮಕ್ಕಳ ಕ್ಷೇಮ ಸಮಾಚಾರ ಓದಿ ಮುಗಿಸಿದೆ.

"ಅಷ್ಟೇನಾ ಸಾ?"

"ಅಷ್ಟೇ."

ಗೌಡ್ರು ಕಾಗದವನ್ನು ಮಡಚಿ ಒಳಜೇಬಿಗೆ ಇಟ್ಟುಕೊಂಡು, ಕೈ ಮುಗಿದು ಹೋದರು.

ನಾಲ್ಕು ದಿನ ನಾನು ಲೇತ್ ವಿಭಾಗದ ಕಡೆಗೆ ಹೋಗಲಿಲ್ಲ. ಹಾಜರಿ ಪುಸ್ತಕವನ್ನು ಬೇರೆಯವರ ಕೈಯಲ್ಲಿ ತರಿಸಿಕೊಂಡೆ. ಮಳೆಯಲ್ಲಿ ಜೆಟ್ಟಿಯ ಮೇಲೆ ನಿಂತು, ತನ್ನ ಅಪ್ಪನಂತೆ ಕಾಣುವವನೊಬ್ಬನನ್ನು ಹುಡುಕುತ್ತಿದ್ದ ಮುದುಕ ಊಟದ ತಟ್ಟೆಯ ಮುಂದೆ, ಬಸ್ಸಿನ ಕಿಟಕಿಯಲ್ಲಿ, ಎಲ್ಲೆಂದರಲ್ಲಿ ಬರುತ್ತಿದ್ದ. ಐದನೆಯ ದಿನ ಊಟದ ಬಿಡುವಿನಲ್ಲಿ ಯಂತ್ರಗಳೆಲ್ಲ ನಿಂತ ಮೇಲೆ ಹೋದೆ. ಗೌಡ್ರು ಒಬ್ಬರೇ ಇದ್ದರು. ಲೇತಿನ ತಟ್ಟೆಯಿಂದ ಕಬ್ಬಿಣದ ಸುರುಳಿ ತೆಗೆಯುತ್ತಿದ್ದರು.

"ಗೌಡ್ರೇ, ಅವತ್ತು ಕಾಗದದಲ್ಲಿ ಒಂದು ಸಾಲು ಓದಲಿಲ್ಲ" ಎಂದೆ. ಆ ಸಾಲನ್ನು ಹೇಳಿದೆ. ಹೇಳಿದವನು ನಾನೇ ಎಂದೆ. ಚಾರ್ಟಿನಲ್ಲಿ ಬಿಟ್ಟ ಸಾಲು, ಗುಮಾಸ್ತರ ಮಾತು, ಮ್ಯಾನೇಜರ ಮಾತು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಮ್ಯಾನೇಜರ ಮೇಲೆ ಸ್ವಲ್ಪ ಜಾಸ್ತಿಯೇ ಹೊರಿಸುತ್ತಿದ್ದೇನೆ ಎಂಬುದು ನನಗೇ ಕೇಳಿಸಿ, ನಿಲ್ಲಿಸಿದೆ.

ಗೌಡ್ರು ಕೈಗೆ ಹತ್ತಿದ ಎಣ್ಣೆಯನ್ನು ಹತ್ತಿಬಟ್ಟೆಗೆ ಒರೆಸಿಕೊಂಡರು.

"ಗೊತ್ತು ಸಾ."

"ಕಾಗದ ಬೇರೆ ಯಾರ ಹತ್ರ ಓದಿಸಿದ್ರಾ?"

"ಇಲ್ಲ. ಮದ್ರಾಸ್ನಾಗೇ ಗೊತ್ತಾಯ್ತು. ಆ ಟಿಕೀಟಿನವ್ರು ಯೋಳಿದ್ದು ಕೇಳಿಸ್ತು."

"ಮತ್ತೆ ಹಡಗು ಯಾಕೆ ಹತ್ತಿದ್ರಿ? ನನ್ನನ್ನ ಯಾಕೆ ಕೇಳಲಿಲ್ಲ?"

"ಬತ್ತೀನಿ ಅಂತ ಕಾಗ್ದ ಆಕ್ಬುಟ್ಟಿದ್ವಲ್ಲ ಸಾ" ಎಂದರು. "ಅವ್ನು ಕಾಯ್ತಿರ್ತಾನೆ ಅಂತ ಗೊತ್ತಿತ್ತು. ಓಗೋಕಾಗ್ದಿದ್ರೂ, ಓಗಾಕೆ ಒಂಟಿದ್ದೆ ಅನ್ನಾದಾದ್ರೂ ಇರ್ಲಿ ಅಂತ." ಎಣ್ಣೆಬಟ್ಟೆಯನ್ನು ಲೇತಿನ ಮೇಲಿಟ್ಟು, "ನಿಮ್ಮುನ್ನ ಏನ್ ಕೇಳಾದು? ಓಡತ್ತೆ ಅಂದ್ರಿ. ತಿರ್ಗಾ ಕೇಳಿದ್ರೆ ಇನ್ನೊಂದ್ ಯೋಳ್ತಿದ್ರಿ" ಎಂದರು.

ಬೈಯಲಿಲ್ಲ. ದನಿ ಏರಿಸಲಿಲ್ಲ. ಅಳತೆ ತಪ್ಪಿದ ದಂಡವನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಇಡುವಾಗ ಅವರ ಮುಖ ಹೇಗಿರುತ್ತಿತ್ತೋ ಹಾಗೆಯೇ ಇತ್ತು.

ನಾನು ಕೋಣೆಗೆ ವಾಪಸು ಬಂದು ರಜೆಯ ನಮೂನೆ ತೆಗೆದುಕೊಂಡು ಅವರ ಹೆಸರು ಬರೆದೆ. ಫೆಬ್ರವರಿ, ಪೂರ್ತಿ ಒಂದು ತಿಂಗಳು. ಆಫೀಸರಾದ ಮೇಲೆ ನಾನು ಮಂಜೂರು ಮಾಡಿದ ಮೊದಲ ಉದ್ದದ ರಜೆ ಅದು. ಫೆಬ್ರವರಿಯಲ್ಲಿ ಯಾರಿಗೂ ರಜೆ ಇಲ್ಲವೆಂಬ ಸುತ್ತೋಲೆ ನನ್ನ ತಲೆಯ ಮೇಲೆ ಗೋಡೆಯಲ್ಲೇ ಇತ್ತು. ಆಮೇಲೆ ಇನ್ನೊಂದು ಹಾಳೆ ತೆಗೆದು ಪ್ರವಾಸದ ತಿದ್ದಿದ ವರದಿ ಬರೆದೆ. ನವೆಂಬರ್ ಬೇಡವೆಂದು ಮದ್ರಾಸಿನಲ್ಲಿ ನನಗೆ ಸ್ಪಷ್ಟವಾಗಿ ಹೇಳಿದ್ದರು, ಅದನ್ನು ನಾನು ಮುಚ್ಚಿಟ್ಟೆ, ಮುಂದೆ ಯಾವ ತಂಡ ಹೋದರೂ ಜನವರಿಯ ಕೊನೆಯಿಂದ ಮಾರ್ಚಿನೊಳಗೆ ಮಾತ್ರ ಹೋಗಬೇಕು. ಎರಡನ್ನೂ ಹಿಡಿದು ವರ್ಕ್ಸ್ ಮ್ಯಾನೇಜರ ಕೋಣೆಗೆ ಹೋದೆ.

ಅವರು ವರದಿಯನ್ನು ಎರಡು ಸಲ ಓದಿದರು.

"ಎಲ್ಲ ಮುಗಿದ್ಮೇಲೆ ಇದನ್ನ ಬರ್ದು ಏನ್ರೀ ಪ್ರಯೋಜನ? ನಿಮಗೇ ತೊಂದರೆ."

"ಇರ್ಲಿ ಸಾರ್."

"ಮತ್ತೆ ಈ ರಜೆ? ಅವರ ಲೇತ್ ಯಾರು ನೋಡ್ಕೋತಾರೆ?"

"ಮಂಜೂರು ಮಾಡೋ ಅಧಿಕಾರ ಈಗ ನನಗಿದೆ ಸಾರ್. ಮಾಡಿದೀನಿ. ಕ್ಯಾನ್ಸಲ್ ಮಾಡೋದಾದ್ರೆ ನೀವು ಬರವಣಿಗೇಲಿ ಕೊಡ್ಬೇಕು."

ಅವರು ನನ್ನನ್ನೇ ನೋಡಿದರು. ಬರವಣಿಗೆಯಲ್ಲಿ ಕೊಡಲಿಲ್ಲ. ವರದಿಯನ್ನು ಮೇಜಿನ ಖಾನೆಯೊಳಗೆ ಹಾಕಿಕೊಂಡರು. ಅದು ಯಜಮಾನರವರೆಗೆ ಹೋಯಿತೋ ಇಲ್ಲವೋ ನನಗೆ ತಿಳಿಯದು. ನಾನೂ ಮತ್ತೆ ವಿಚಾರಿಸಲಿಲ್ಲ. ನನ್ನ ಹುದ್ದೆಯೂ ಹೋಗಲಿಲ್ಲ. ಗುಮಾಸ್ತರಿಗೆ ಕಾಗದ ಬರೆದು ಗೌಡ್ರಿಗೆ ಟಿಕೆಟ್ ಮಾಡಿಸಿದೆ. ಈ ಸಲ ಮರು ಅಂಚೆಯಲ್ಲೇ ಉತ್ತರ ಬಂತು. "ಈಗ ಸರಿ" ಎಂದು ಕೆಳಗೆ ಎರಡು ಪದ ಬರೆದಿದ್ದರು.

ಗೌಡ್ರು ಮಾರ್ಚಿನ ಮೊದಲ ವಾರ ಕೆಲಸಕ್ಕೆ ವಾಪಸಾದರು. ಆ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರ ಸುತ್ತ ಜನ ಸೇರಿತ್ತು. ನಾನು ಎರಡು ಮೇಜು ಆಚೆ ಕುಳಿತಿದ್ದೆ. ಗೌಡ್ರು ಕತೆ ಹೇಳುವವರಲ್ಲ, ಅವತ್ತು ಹೇಳಿದರು. ಅಣ್ಣನಿಗೆ ಒಂದು ಹಲ್ಲೂ ಉಳಿದಿಲ್ಲ. ಕನ್ನಡ ಅರ್ಧ, ಹಿಂದಿ ಅರ್ಧ ಮಾತಾಡುತ್ತಾನೆ. ಜೆಟ್ಟಿಯಲ್ಲಿ ಇಳಿದಾಗ ಗುರುತು ಹಿಡಿಯದೆ ಇಬ್ಬರೂ ಒಬ್ಬರನ್ನೊಬ್ಬರು ದಾಟಿಕೊಂಡು ಹೋದರಂತೆ. ಆಮೇಲೆ ಇಬ್ಬರೂ ಒಟ್ಟಿಗೇ ತಿರುಗಿ ನೋಡಿದರಂತೆ. ಜನ ಗೊಳ್ಳೆಂದು ನಕ್ಕರು. ಗೌಡ್ರೂ ನಕ್ಕರು.

"ಸಮುದ್ರ ಎಂಗಿತ್ತು ಗೌಡ್ರೇ?"

"ಯೋಳ್ಬಾರ್ದು ಕಣಪ್ಪಾ. ನಮ್ಮೂರ್ ಕೆರೆ ಇದ್ದಂಗಿತ್ತು. ಲೋಟದಾಗಿನ್ ಕಾಫಿ ಅಲ್ಲಾಡ್ನಿಲ್ಲ. ನೀರು ನೀಲಿ ಅಂದ್ರೆ ನೀಲಿ. ತಳ ಕಾಣ್ತದೆ, ಮೀನು ಓಡಾಡಾದು ಕಾಣ್ತದೆ."

ಅವರ ಎದುರಿಗೆ ಕುಳಿತಿದ್ದವನು ಮಣಿಕಟ್ಟು ಮುರಿದುಕೊಂಡಿದ್ದ ಫಿಟ್ಟರ್. ಮೂಳೆ ಸೊಟ್ಟಗೆ ಕೂಡಿ, ಕೈ ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ. ಅವನು ಊಟ ನಿಲ್ಲಿಸಿ ಕೇಳಿದ.

"ಮತ್ತೆ ನಾವ್ ಹೋದಾಗ ಯಾಕ್ ಗೌಡ್ರೇ ಹಂಗಿತ್ತು? ಚಾರ್ಟಲ್ಲಿ ಪರವಾಗಿಲ್ಲ ಅಂತ ಬರ್ದಿದ್ರಲ್ಲ."

ಗೌಡ್ರು ತಲೆ ಎತ್ತಿದರು. ಎರಡು ಮೇಜಿನ ಆಚೆಯಿಂದ ಅವರ ಕಣ್ಣು ನೇರವಾಗಿ ನನ್ನ ಮೇಲೆ ಬಂದು ನಿಂತಿತು. ಅವಸರವಿರಲಿಲ್ಲ. ನನಗೆ ಏಳುವುದಕ್ಕೆ, ಬಾಯಿ ತೆರೆಯುವುದಕ್ಕೆ ಬೇಕಾದಷ್ಟು ಹೊತ್ತು ಅವರು ಹಾಗೆಯೇ ನೋಡಿದರು. ನನ್ನ ಬಾಯಲ್ಲಿ ಅನ್ನ ಇತ್ತು. ಅದನ್ನು ಅಗಿಯುತ್ತ ಕುಳಿತೆ.

"ಆ ತಿಂಗ್ಳೇ ಅಂಗೆ ಕಣಪ್ಪಾ" ಎಂದರು ಗೌಡ್ರು, ಫಿಟ್ಟರನ ಕಡೆಗೆ ತಿರುಗಿ. "ಯಾರ್ಗ್ ಗೊತ್ತಿತ್ತು. ಉಣ್ಣು."

ಫಿಟ್ಟರ್ ತಲೆಯಾಡಿಸಿ, ಇಡೀ ತೋಳನ್ನೇ ತಿರುಗಿಸಿಕೊಂಡು ಅನ್ನ ಕಲಸತೊಡಗಿದ. ನಾನು ತಟ್ಟೆ ಎತ್ತಿಕೊಂಡು ಕೈ ತೊಳೆಯುವ ನಲ್ಲಿಯ ಕಡೆಗೆ ಹೋದೆ.